ಜನಾಂಗದ ಸ್ವಘೋಷಣೆಯೂ ಸತ್ಯಾಣುವ್ರತವೂ

ಸತ್ಯಾಣುವ್ರತವೆಂದರೆ ಸುಳ್ಳನ್ನಾಡದಿರುವುದು ಎಂದಷ್ಟೇ ತಿಳಿದು ತೃಪ್ತರಾಗುವ ಶ್ರಾವಕರು ಬಹಳ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಗಮನಿಸಿದರೆ, ಅದು ನುಡಿಯುವವನನ್ನು ಮಾತ್ರವಲ್ಲದೆ ನುಡಿಯನ್ನು ಕೇಳಿ ಪರೀಕ್ಷಿಸುವವನನ್ನೂ ಬಂಧಿಸುತ್ತದೆಂಬುದು ಸ್ಪಷ್ಟವಾಗುತ್ತದೆ. ಇಲ್ಲದುದನ್ನು ಇದೆಯೆಂದು ಬರೆದುಕೊಡುವ ಕೂಟಲೇಖಕ್ರಿಯೆ ಅವುಗಳಲ್ಲಿ ಒಂದು. ಪರರು ಗುಟ್ಟಾಗಿ ಇಟ್ಟುಕೊಂಡುದನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ ಇನ್ನೊಂದು. ಮುಖಭಾವ, ಅಂಗಚೇಷ್ಟೆ ಮೊದಲಾದ ಹೊರಗುರುತುಗಳಿಂದ ಪರರ ಅಂತರಂಗವನ್ನು ಊಹಿಸಿ ಅಸೂಯೆಯಿಂದ ಸಾರುವ ಸಾಕಾರಮಂತ್ರಭೇದವು ಮತ್ತೊಂದು. ಮೊದಲನೆಯದು ಸುಳ್ಳು, ಉಳಿದೆರಡು ಎಷ್ಟೋ ವೇಳೆ ನಿಜವೇ. ಆದರೂ ಅವೆಲ್ಲ ಒಂದೇ ಸೂತ್ರದಲ್ಲಿ ಒಂದೇ ವ್ರತದ ದೋಷಗಳಾಗಿ ಪಠಿತವಾಗಿವೆ.

ಈ ಸೂತ್ರವನ್ನು ಇಂದು ಒರೆಗೆ ಹಚ್ಚುವ ಪ್ರಶ್ನೆಯೊಂದು ಅಮೆರಿಕ ದೇಶದಲ್ಲಿ ಎದ್ದಿದೆ. ಒಬ್ಬ ವ್ಯಕ್ತಿಯು ‘ನಾನು ಇಂಥ ಜನಾಂಗಕ್ಕೆ ಸೇರಿದವನು’ ಎಂದು ತಾನೇ ಹೇಳಿಕೊಂಡರೆ ಅದು ಸಾಕೇ? ಕೇಳಿದವರು ಒಪ್ಪಲೇಬೇಕೇ, ಶಂಕಿಸಬಹುದೇ? ಶಂಕಿಸುವುದಾದರೆ ಅಳತೆಗೋಲು ಯಾವುದು? ಮೈಬಣ್ಣವೋ, ವಂಶಾವಳಿಯೋ, ಬಾಳಿದ ರೀತಿಯೋ? ಜೈನ ಸಮಾಜದ ಅನೇಕ ಕುಟುಂಬಗಳು ಅಲ್ಲಿ ನೆಲಸಿ, ಶಾಲೆಯ ನಮೂನೆಯಿಂದ ಆಸ್ಪತ್ರೆಯ ನಮೂನೆಯವರೆಗೆ ಜನಾಂಗದ ಕಾಲಂ ತುಂಬುತ್ತಿರುವುದರಿಂದ ಇದು ದೂರದ ವಿಷಯವೆಂದು ತಳ್ಳಿಹಾಕತಕ್ಕದ್ದಲ್ಲ.

ಆ ದೇಶದಲ್ಲಿ ಮೊದಲ ಜನಗಣತಿ ನಡೆದುದು 1790ರಲ್ಲಿ. ಅಂದಿನಿಂದ 1950ರ ಗಣತಿಯವರೆಗೆ ಮನೆಬಾಗಿಲಿಗೆ ಬಂದ ಗಣತಿದಾರನೇ ಜನಾಂಗವನ್ನು ನಿಶ್ಚಯಿಸಿ ಬರೆದುಕೊಳ್ಳುತ್ತಿದ್ದನು. 1890ರಲ್ಲಂತೂ ಒಬ್ಬನಲ್ಲಿರುವ ಕಪ್ಪು ರಕ್ತವು ಅರ್ಧವೋ, ಕಾಲು ಪಾಲೋ, ಎಂಟನೆಯ ಒಂದು ಪಾಲೋ ಎಂದು ವಿಂಗಡಿಸಬೇಕಾಗಿತ್ತು. ಹೊಸ್ತಿಲಲ್ಲಿ ನಿಂತು ಒಬ್ಬನ ಮುತ್ತಜ್ಜಿಯ ರಕ್ತವನ್ನು ಕಣ್ಣಳತೆಯಲ್ಲಿ ತೂಗಬಲ್ಲ ಅವಧಿಜ್ಞಾನವು ಆ ಗಣತಿದಾರರಿಗೆ ಎಲ್ಲಿಂದ ಲಭಿಸಿತ್ತೋ ತಿಳಿಯದು. 1930ರಲ್ಲಿ, ಕಪ್ಪು ರಕ್ತವು ಎಷ್ಟೇ ಅಲ್ಪವಾಗಿದ್ದರೂ ‘ನೀಗ್ರೋ’ ಎಂದೇ ಬರೆಯತಕ್ಕದ್ದೆಂಬ ಸೂಚನೆ ಬಂದಿತು. 1920, 1930 ಮತ್ತು 1940ರ ಗಣತಿಗಳಲ್ಲಿ ‘ಹಿಂದು’ ಎಂಬುದೂ ಒಂದು ಜನಾಂಗದ ಹೆಸರು! ಭಾರತದಿಂದ ಹೋದವನು ಸಿಖ್ಖನಾಗಲಿ, ಮುಸಲ್ಮಾನನಾಗಲಿ, ಜೈನನಾಗಲಿ, ಅವನಿಗೆ ಅದೇ ಕಾಲಂ. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರೊಡನೆ ಎಣಿಸಲಾಯಿತು. 1980ರಲ್ಲಿ ‘ಏಷಿಯನ್ ಇಂಡಿಯನ್’ ಎಂಬ ಬೇರೆ ಹೆಸರು ದೊರೆಯಿತು. ಹೀಗೆ ಅಲ್ಲಿ ದೀರ್ಘಕಾಲ ಬಾಳಿದ ಒಬ್ಬ ಭಾರತೀಯನು 1940ರಲ್ಲಿ ಹಿಂದು, 1970ರಲ್ಲಿ ಬಿಳಿಯ, 1980ರಲ್ಲಿ ಏಷಿಯನ್. ಚರ್ಮವೊಂದೇ, ಪರ್ಯಾಯಗಳು ಮೂರು, ಅವೂ ಸರ್ಕಾರಿ ಪರ್ಯಾಯಗಳು.

1960ರಿಂದ ಮೊದಲ್ಗೊಂಡು ನಮೂನೆಗಳು ಅಂಚೆಯಲ್ಲಿ ಬರತೊಡಗಿ ಲೇಖನಿಯು ಕ್ರಮೇಣ ಜನರ ಕೈಗೇ ಬಂದಿತು. 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಲೂ ಅವಕಾಶವಾಯಿತು. ಹಾಗೆ ಗುರುತಿಸಿದವರು 2010ರಲ್ಲಿ ಸುಮಾರು 90 ಲಕ್ಷ, 2020ರಲ್ಲಿ 3 ಕೋಟಿ 38 ಲಕ್ಷ. ಹತ್ತು ವರ್ಷಗಳಲ್ಲಿ ಇಷ್ಟೊಂದು ಮಿಶ್ರವಿವಾಹಗಳು ನಡೆದವೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಶ್ನೆಯನ್ನು ಕೇಳುವ ಮತ್ತು ಉತ್ತರವನ್ನು ಎಣಿಸುವ ಕ್ರಮದಲ್ಲಾದ ಬದಲಾವಣೆಯೂ ಆ ಸಂಖ್ಯೆಯಲ್ಲಿ ಸೇರಿದೆ.

ಲೇಖನಿಯು ಪರರ ಕೈಯಲ್ಲಿದ್ದ ಕಾಲದ ಒಂದು ಪ್ರಸಂಗ ಭಾರತೀಯರಿಗೆ ನೇರವಾಗಿ ಸಂಬಂಧಿಸಿದ್ದು. ಆಗಿನ ಕಾನೂನಿನಂತೆ ಹೊರದೇಶದಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವ. 1922ರಲ್ಲಿ ಜಪಾನಿನ ತಕಾವೊ ಒಜಾವಾ ಎಂಬವರು ತಮ್ಮ ಚರ್ಮವು ಬಿಳಿಯರಷ್ಟೇ ಬಿಳುಪೆಂದು ವಾದಿಸಿದಾಗ, ಬಿಳಿಯನೆಂದರೆ ಬಣ್ಣವಲ್ಲ, ಕಕೇಷಿಯನ್ ಜನಾಂಗ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮೂರು ತಿಂಗಳ ಬಳಿಕ, 1923ರ ಫೆಬ್ರವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು ‘ಪಂಡಿತರ ಮತದಂತೆ ನಾನು ಕಕೇಷಿಯನ್ನನೇ’ ಎಂದು ಮುಂದೆ ಬಂದಾಗ, ಪಂಡಿತರ ಮಾತು ಬೇಡ, ಸಾಮಾನ್ಯ ಜನರು ಯಾರನ್ನು ಬಿಳಿಯನೆನ್ನುವರೋ ಅವನೇ ಬಿಳಿಯನು ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಎರಡು ತೀರ್ಪುಗಳನ್ನೂ ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಪರೀಕ್ಷಕನು ಅಳತೆಗೋಲನ್ನು ಅಡಿಗಡಿಗೆ ಬದಲಿಸುತ್ತಿದ್ದರೆ ಅದು ಪರೀಕ್ಷೆಯಲ್ಲ, ಮೊದಲೇ ಮಾಡಿಕೊಂಡ ನಿಶ್ಚಯ.

ಆದರೆ ಥಿಂಡ್ ಅವರ ವಾದದಲ್ಲಿಯೂ ಜೈನನು ನಿಂತು ಯೋಚಿಸಬೇಕಾದ ಅಂಶವೊಂದಿದೆ. ಉನ್ನತ ಜಾತಿಯ ಹಿಂದುವು ವಿವಾಹಸಂಬಂಧದ ವಿಷಯದಲ್ಲಿ ಭಾರತದ ಮೂಲನಿವಾಸಿಗಳನ್ನು, ಅಮೆರಿಕದ ಬಿಳಿಯನು ಕಪ್ಪು ಜನರನ್ನು ಕಾಣುವಂತೆಯೇ ಕಾಣುತ್ತಾನೆ ಎಂದು ಅವರ ಪರವಾಗಿ ಹೇಳಲಾಯಿತು. ಅಂದರೆ, ಇನ್ನೊಬ್ಬರನ್ನು ಕೀಳೆಂದು ಬಗೆಯುವುದೇ ತಾನು ಮೇಲಿನವನೆಂಬುದಕ್ಕೆ ಪ್ರಮಾಣ! ಆಚಾರ್ಯ ಸಮಂತಭದ್ರರು ಎಣಿಸಿರುವ ಅಷ್ಟಮದಗಳಲ್ಲಿ ಕುಲಮದ, ಜಾತಿಮದ, ವಪುಮದ ಮೂರೂ ಇಲ್ಲಿ ಒಟ್ಟಿಗೆ ಕುಳಿತಿವೆ. ಪರನಿಂದೆ ಮತ್ತು ಆತ್ಮಪ್ರಶಂಸೆಗಳು, ಪರರ ಸದ್ಗುಣಗಳನ್ನು ಮರೆಮಾಡಿ ತನ್ನಲ್ಲಿಲ್ಲದುದನ್ನು ಪ್ರಕಟಿಸುವುದು, ಇವು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ಸೂತ್ರಕಾರರು ಹೇಳಿದ್ದಾರೆ. ಉಚ್ಚಗೋತ್ರವನ್ನು ಸಾಧಿಸಿಕೊಡಲೆಂದು ಹೂಡಿದ ವಾದವೇ ಇದಕ್ಕೆ ಉದಾಹರಣೆಯಾಯಿತು. ಅನ್ಯಾಯದ ಕಾನೂನು ಒಡ್ಡಿದ ಇಕ್ಕಟ್ಟಿನಲ್ಲಿ ಬಂದ ಮಾತೆಂಬುದನ್ನೂ ಮರೆಯಬಾರದು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಅವರಿಗೆ ಪೌರತ್ವ ದೊರೆಯಲು 1936ರವರೆಗೆ ಕಾಯಬೇಕಾಯಿತು. ಆ ತೀರ್ಪಿನಿಂದ ಪೌರತ್ವ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ವೈಷ್ಣೋ ದಾಸ್ ಬಗಾಯಿ ಎಂಬವರು 1928ರಲ್ಲಿ ಪ್ರಾಣವನ್ನೇ ನೀಗಿಕೊಂಡರು.

ಇನ್ನು ಇಬ್ಬರ ಕಥೆಯನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ. ಲೂಯಿಸಿಯಾನ ರಾಜ್ಯದ ಒಬ್ಬ ಮಹಿಳೆ ಹುಟ್ಟಿನಿಂದ ಬಿಳಿಯಳೆಂದೇ ಬಾಳಿದವಳು. 1977ರಲ್ಲಿ ಪಾಸ್‌ಪೋರ್ಟಿಗಾಗಿ ಜನನಪತ್ರವನ್ನು ತರಿಸಿದಾಗ ಅದರಲ್ಲಿ ತಾನು ವರ್ಣೀಯಳೆಂದು ನಮೂದಾಗಿರುವುದನ್ನು ಕಂಡು ದಿಗ್ಭ್ರಮೆಗೊಂಡಳು. ಮೂವತ್ತೆರಡರಲ್ಲಿ ಒಂದಂಶಕ್ಕಿಂತ ಹೆಚ್ಚು ಕಪ್ಪು ರಕ್ತವಿದ್ದರೆ ಬಿಳಿಯರಲ್ಲ ಎಂಬುದು ಆ ರಾಜ್ಯದ 1970ರ ಕಾನೂನು. ಆಕೆ ಮೊರೆಹೋದಾಗ ಸರ್ಕಾರವು ವಂಶಾವಳಿಯ ಪರಿಣತರನ್ನು ನೇಮಿಸಿ, ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಬ್ಬ ದಾಸಿಯನ್ನು ಹುಡುಕಿ ತೆಗೆದು, ಮೂವತ್ತೆರಡರಲ್ಲಿ ಮೂರಂಶವೆಂದು ಲೆಕ್ಕ ಒಪ್ಪಿಸಿತು. 1983ರಲ್ಲಿ ಆ ಕಾನೂನು ರದ್ದಾದರೂ ಆಕೆಯ ಪತ್ರವು ತಿದ್ದಲ್ಪಡಲಿಲ್ಲ. 1986ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೂ ಅಹವಾಲನ್ನು ಕೇಳಲೊಪ್ಪಲಿಲ್ಲ.

ಎರಡನೆಯವರು ವಾಲ್ಟರ್ ವೈಟ್. 1893ರಲ್ಲಿ ಅಟ್ಲಾಂಟಾ ನಗರದಲ್ಲಿ ಜನಿಸಿದ ಇವರದು ಹೊಂಗೂದಲು, ನೀಲಿ ಕಣ್ಣು, ಬಿಳಿಯ ಮೈ. ಐದು ತಲೆಮಾರುಗಳ ಹಿಂದಿನ ಮೂವತ್ತೆರಡು ಪೂರ್ವಜರಲ್ಲಿ ಕಪ್ಪು ಜನಾಂಗದವರು ಐವರು ಮಾತ್ರ. ಅಂಶಗಳ ಲೆಕ್ಕದಲ್ಲಿ ಈ ಇಬ್ಬರಿಗೂ ಹೆಚ್ಚು ಅಂತರವಿಲ್ಲ. ಆದರೆ ವೈಟ್ ಅವರ ಮನೆಯವರು ಕಪ್ಪು ಜನರೊಡನೆ ಬಾಳಿದವರು. 1906ರಲ್ಲಿ ಅಟ್ಲಾಂಟಾದಲ್ಲಿ ಬಿಳಿಯರ ಗುಂಪುಗಳು ದಂಗೆಯೆದ್ದು ಆ ಮನೆಯ ಮೇಲೂ ಬರುವ ಹೊತ್ತಿಗೆ, ಹದಿಮೂರು ವರ್ಷದ ಬಾಲಕನಿಗೆ ತಾನು ಯಾರ ಪೈಕಿ ಎಂಬುದು ಖಚಿತವಾಗಿ ತಿಳಿದಿತ್ತು. ಬಿಳಿಯರಲ್ಲಿ ಬೆರೆತುಹೋಗಿ ಸುಖವಾಗಿರಬಹುದಾಗಿದ್ದ ಅವರು ‘ನಾನು ನೀಗ್ರೋ’ ಎಂದು ಜೀವನಪರ್ಯಂತ ಹೇಳಿದರು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಸ್ಥಾಪಿತವಾದ ಎನ್.ಎ.ಎ.ಸಿ.ಪಿ. ಸಂಸ್ಥೆಯನ್ನು 1955ರಲ್ಲಿ ತೀರಿಕೊಳ್ಳುವವರೆಗೆ ಕಾರ್ಯದರ್ಶಿಯಾಗಿ ನಡೆಸಿದರು.

ಒಂದೇ ಒಂದು ಕಾರ್ಯಕ್ಕೆ ಮಾತ್ರ ಅವರು ಬಿಳಿಯರಂತೆ ವರ್ತಿಸಿದರು. ಗುಂಪುಗಳು ಕಪ್ಪು ಜನರನ್ನು ಹಿಡಿದು ಕೊಲ್ಲುತ್ತಿದ್ದ ಊರುಗಳಿಗೆ ಹೋಗಿ, ಕೊಂದವರ ಬಾಯಿಂದಲೇ ಸಂಗತಿಗಳನ್ನು ತಿಳಿದು ಜಗತ್ತಿಗೆ ತಿಳಿಸುವುದು ಆ ಕಾರ್ಯ. 1919ರಲ್ಲಿ ಅರ್ಕನ್ಸಾ ರಾಜ್ಯದ ಎಲೈನ್ ಎಂಬಲ್ಲಿ ಗೇಣಿ ರೈತರ ಹತ್ಯೆಯಾದಾಗ ಹಾಗೆ ಹೋಗಿದ್ದ ಅವರ ಗುಟ್ಟು ರಟ್ಟಾಯಿತು. ಅವಸರದಲ್ಲಿ ರೈಲು ಹತ್ತಿದಾಗ ರೈಲಿನ ಕಂಡಕ್ಟರನು, ಬಿಳಿಯನೆಂದು ಸೋಗುಹಾಕಿದ ಕರಿಯನೊಬ್ಬ ಊರಿನಲ್ಲಿದ್ದಾನಂತೆ, ಅವನನ್ನು ಹಿಡಿಯುವ ಮೋಜಿಗೆ ನಿಲ್ಲದೆ ಹೊರಟಿರಲ್ಲ ಎಂದು ಅವರಿಗೇ ಹೇಳಿದನಂತೆ. ಅಲ್ಲಿ ಅವರು ಮೌನವಾಗಿದ್ದುದು ವ್ರತಭಂಗವೇ? ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಅಣುವ್ರತಿಯು ನುಡಿಯಬಾರದೆಂದು ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ವೇಷವು ವೇಷವೇ, ಅದನ್ನು ಸತ್ಯವೆಂದು ಕರೆಯಬೇಕಾಗಿಲ್ಲ. ಆದರೆ ಅದರಿಂದ ಅವರು ತಮಗಾಗಿ ಏನನ್ನೂ ಪಡೆಯಲಿಲ್ಲ, ಪ್ರಾಣವನ್ನು ಪಣವಾಗಿಟ್ಟರು.

ಅವರ ತಂದೆಯ ಅಂತ್ಯವನ್ನು ಇಲ್ಲಿ ಹೇಳದೆ ಬಿಡಲಾಗದು. 1931ರಲ್ಲಿ ವಾಹನ ಬಡಿದು ಬಿದ್ದಿದ್ದ ಆ ವೃದ್ಧರನ್ನು ಬಿಳಿಯರೆಂದು ಭಾವಿಸಿ ಬಿಳಿಯರ ವಾರ್ಡಿಗೆ ಸೇರಿಸಿ ಉಪಚರಿಸಲಾಗುತ್ತಿತ್ತು. ನೋಡಲು ಬಂದ ಬಂಧುವಿನ ಮೈಬಣ್ಣದಿಂದ ರೋಗಿಯ ಜನಾಂಗವು ತಿಳಿದೊಡನೆ, ರಸ್ತೆಯಾಚೆಯ ಹಾಳು ಕಟ್ಟಡದಲ್ಲಿದ್ದ ಕಪ್ಪು ಜನರ ವಾರ್ಡಿಗೆ ಸಾಗಿಸಿದರು. ಅಲ್ಲಿಯೇ ಅವರು ಪ್ರಾಣಬಿಟ್ಟರು. ಆಗ ಬೆಳಕಿಗೆ ಬಂದುದು ‘ಸತ್ಯ’ವೇ.

ಲೇಖನಿಯು ಜನರ ಕೈಗೆ ಬಂದ ಮೇಲೆ ಇನ್ನೊಂದು ಬಗೆಯ ತೊಡಕು ಕಾಣಿಸಿಕೊಂಡಿತು. ಬೋಸ್ಟನ್ ನಗರದ ಅಗ್ನಿಶಾಮಕ ದಳಕ್ಕೆ 1975ರಲ್ಲಿ ಬಿಳಿಯರೆಂದು ಅರ್ಜಿ ಹಾಕಿ ಅಂಕ ಸಾಲದೆ ಹಿಂತಿರುಗಿದ ಅವಳಿ ಸೋದರರಿಬ್ಬರು, 1977ರಲ್ಲಿ ತಾವು ಕಪ್ಪು ಜನಾಂಗದವರೆಂದು ಬರೆದು ನೌಕರಿ ಪಡೆದರು. ಹಿಂದೆ ವಂಚಿತರಾದವರಿಗೆ ನ್ಯಾಯಾಲಯದ ಆದೇಶದಂತೆ ಆಗ ಅವಕಾಶ ಕಲ್ಪಿಸಲಾಗಿತ್ತು. 1988ರಲ್ಲಿ ಬಡ್ತಿಯ ಸಮಯದಲ್ಲಿ ವಿಷಯ ಹೊರಬಿತ್ತು. ಮುತ್ತಜ್ಜಿಯೊಬ್ಬಳು ಕಪ್ಪು ಜನಾಂಗದವಳೆಂದು ತಾಯಿ ಹೇಳಿದ್ದಳೆಂಬುದು ಸೋದರರ ಸಮರ್ಥನೆ. ವಿಚಾರಣಾಧಿಕಾರಿಯು ಮೂರು ಸಂಗತಿಗಳನ್ನು ಪರಿಶೀಲಿಸಿದರು: ನೋಟಕ್ಕೆ ಹಾಗೆ ಕಾಣುತ್ತಾರೆಯೇ, ದಾಖಲೆಗಳಲ್ಲಿ ಹಾಗಿದೆಯೇ, ಸಮಾಜದಲ್ಲಿ ಹಾಗೆಂದು ಬಾಳಿ ಹಾಗೆಂದು ಪರಿಗಣಿತರಾಗಿದ್ದಾರೆಯೇ. ಮೂರರಲ್ಲಿಯೂ ಇಲ್ಲವೆಂದಾಯಿತು, ಇಬ್ಬರೂ ನೌಕರಿ ಕಳೆದುಕೊಂಡರು. ಇಲ್ಲಿ ಕೂಟಲೇಖದೊಡನೆ ಅಚೌರ್ಯವ್ರತದ ಭಂಗವೂ ಕೂಡಿದೆ. ಆ ಎರಡು ಸ್ಥಾನಗಳು ಬೇರೆ ಇಬ್ಬರಿಗೆ ಸಲ್ಲಬೇಕಾಗಿದ್ದವು, ಅವರಿಗೆ ಹತ್ತು ವರ್ಷಗಳ ಸಂಬಳ ತಪ್ಪಿತು. ಇಲ್ಲಿ ಪ್ರಶ್ನಿಸಿದವರನ್ನು ಯಾರೂ ದೂರುವಂತಿಲ್ಲ.

ಕಠಿಣವಾದುದು ರೇಚಲ್ ಡೋಲೆಜಲ್ ಅವರ ಪ್ರಸಂಗ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಈಕೆ ಅದೇ ಎನ್.ಎ.ಎ.ಸಿ.ಪಿ. ಸಂಸ್ಥೆಯ ಶಾಖೆಯ ಅಧ್ಯಕ್ಷೆ. ಕಪ್ಪು ಮಹಿಳೆಯೆಂದು ಪರಿಚಿತೆ. 2015ರ ಜೂನ್ ತಿಂಗಳಲ್ಲಿ ದೂರದರ್ಶನದ ವರದಿಗಾರರೊಬ್ಬರು ‘ತಾವು ಆಫ್ರಿಕನ್ ಅಮೆರಿಕನ್ನರೇ?’ ಎಂದು ಕೇಳಿದಾಗ ಉತ್ತರಿಸದೆ ನಡೆದುಬಿಟ್ಟರು. ತಾವಿಬ್ಬರೂ ಐರೋಪ್ಯ ಮೂಲದ ಬಿಳಿಯರು, ಇವಳು ತಮ್ಮ ಮಗಳು ಎಂದು ತಂದೆತಾಯಿಗಳು ಸಾರಿದರು. ಆಕೆ ರಾಜೀನಾಮೆಯಿತ್ತು, ತನ್ನನ್ನು ತಾನು ಕಪ್ಪು ಜನಾಂಗದವಳೆಂದೇ ಅರಿತಿರುವುದಾಗಿ ಹೇಳಿದರು, ಅನಂತರವೂ ಅದನ್ನೇ ಹೇಳುತ್ತ ಬಂದರು. ತಂದೆತಾಯಿಗಳು ದತ್ತು ಪಡೆದ ನಾಲ್ವರು ಕಪ್ಪು ಮಕ್ಕಳೊಡನೆ ಒಡನಾಡಿದವರು. ಆಕೆಯ ಮಮತೆ ನಟನೆಯೆನ್ನಲು ಆಧಾರವಿಲ್ಲ. ಆದರೆ ಬೇರೊಬ್ಬ ಕಪ್ಪು ವ್ಯಕ್ತಿಯನ್ನು ತನ್ನ ತಂದೆಯೆಂದು ಪರಿಚಯಿಸಿದ್ದುಂಟು. 2002ರಲ್ಲಿ, ಬಿಳಿಯಳಾದುದರಿಂದ ತನಗೆ ತಾರತಮ್ಯವಾಯಿತೆಂದು ತಾನು ಓದಿದ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿ ಸೋತದ್ದೂ ಉಂಟು.

ಈ ಪ್ರಸಂಗಕ್ಕೆ ಎರಡು ಸುಲಭ ಉತ್ತರಗಳಿವೆ. ಬಣ್ಣವು ಪುದ್ಗಲದ ಗುಣ, ದೇಹದ ವರ್ಣವು ನಾಮಕರ್ಮದ ಫಲ, ಆತ್ಮನಿಗೆ ಕಪ್ಪು ಬಿಳುಪುಗಳಿಲ್ಲ, ಆದ್ದರಿಂದ ಯಾರು ಏನೆಂದುಕೊಂಡರೇನು ಎಂಬುದು ಒಂದು. ನಿಶ್ಚಯನಯದಲ್ಲಿ ಇದು ಸರಿ. ಆದರೆ ರಸ್ತೆಯಾಚೆಯ ವಾರ್ಡಿಗೆ ಸಾಗಿಸಲ್ಪಟ್ಟ ವೃದ್ಧರಿಗೆ ನಿಶ್ಚಯನಯವು ಹಾಸಿಗೆಯನ್ನು ಕೊಡಲಿಲ್ಲ. ವ್ಯವಹಾರದಲ್ಲಿ ನಡೆದ ಹಿಂಸೆಯ ಲೆಕ್ಕವನ್ನು ವ್ಯವಹಾರದಲ್ಲಿಯೇ ಒಪ್ಪಿಸಬೇಕು. ಅನೇಕಾಂತದ ಪ್ರಕಾರ ಆಕೆಯ ಮಾತೂ ಒಂದು ದೃಷ್ಟಿಯಿಂದ ಸತ್ಯ ಎಂಬುದು ಮತ್ತೊಂದು. ಪರ್ಯೂಷಣದ ಉಪನ್ಯಾಸಗಳಲ್ಲಿ ಅನೇಕಾಂತವನ್ನು ‘ಎಲ್ಲರೂ ಸರಿ’ ಎಂಬರ್ಥದಲ್ಲಿ ಬಳಸುವ ರೂಢಿ ಹೆಚ್ಚಿದೆ. ಸಮಂತಭದ್ರ, ಅಕಲಂಕರು ಅದಕ್ಕಾಗಿ ವಾದಸಭೆಗಳನ್ನೇರಲಿಲ್ಲ. ‘ಸ್ಯಾತ್’ ಎಂಬ ಪದವು ಯಾವ ಅಪೇಕ್ಷೆಯಿಂದ ಎಂಬುದನ್ನು ಹೇಳೆಂದು ಕಟ್ಟುನಿಟ್ಟು ಮಾಡುತ್ತದೆ.

ಅಪೇಕ್ಷೆಯನ್ನು ಬಿಡಿಸಲು ನಾಲ್ಕು ನಿಕ್ಷೇಪಗಳಿವೆ. ಇಂದ್ರನೆಂದು ಹೆಸರಿಟ್ಟ ಮಗು ನಾಮದಿಂದ ಇಂದ್ರ, ವಿಗ್ರಹವು ಸ್ಥಾಪನೆಯಿಂದ, ಹಿಂದೆ ಆಗಿದ್ದ ಅಥವಾ ಮುಂದೆ ಆಗಲಿರುವ ಜೀವವು ದ್ರವ್ಯದಿಂದ, ಈಗ ಸ್ವರ್ಗದಲ್ಲಿ ಆ ಪದವಿಯನ್ನು ಅನುಭವಿಸುತ್ತಿರುವವನು ಭಾವದಿಂದ. ಬೋಸ್ಟನ್ನಿನ ಸೋದರರಲ್ಲಿದ್ದುದು ಬರಿಯ ನಾಮ. ಡೋಲೆಜಲ್ ಅವರಲ್ಲಿ ನಾಮವೂ, ಕೇಶ ಮತ್ತು ಮೈಬಣ್ಣದ ಸಂಸ್ಕಾರದಿಂದ ಸ್ಥಾಪನೆಯೂ ಇದ್ದವು. ವೈಟ್ ಅವರಲ್ಲಿ ಸ್ಥಾಪನೆಯಿರಲಿಲ್ಲ; ದ್ರವ್ಯವೂ ಭಾವವೂ ಇದ್ದವು. ಭಾವನಿಕ್ಷೇಪದ ಭಾವವೆಂದರೆ ಮನಸ್ಸಿನ ಅನಿಸಿಕೆಯಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅದು ವರ್ತಮಾನದ ಪರ್ಯಾಯ. ಬೇಡವೆಂದಾಗ ಕಳಚಿಡಬಹುದಾದುದು ಆ ಪರ್ಯಾಯವಲ್ಲ. ಲೂಯಿಸಿಯಾನದ ಮಹಿಳೆಗೆ ಅಂಥ ಆಯ್ಕೆಯನ್ನು ಯಾರೂ ಕೊಡಲಿಲ್ಲ. ಅದಕ್ಕೂ ಮಿಗಿಲಾಗಿ, ಡೋಲೆಜಲ್ ಅವರ ಸೇವೆಗೆ ಆ ಘೋಷಣೆ ಬೇಕೇ ಇರಲಿಲ್ಲ. ಆ ಸಂಸ್ಥೆಯ ಸ್ಥಾಪಕರಲ್ಲಿ ಬಿಳಿಯರಿದ್ದರು, ಅದರ ಮೊದಲ ಅಧ್ಯಕ್ಷ ಮೂರ್‌ಫೀಲ್ಡ್ ಸ್ಟೋರಿ ಬಿಳಿಯರೇ. ಪದಾಧಿಕಾರಿಗಳಾಗಲು ಜನಾಂಗವು ಅರ್ಹತೆಯಲ್ಲವೆಂದು 2015ರಲ್ಲಿ ಸಂಸ್ಥೆಯೇ ಹೇಳಿತು. ಇದ್ದಂತೆಯೇ ಇದ್ದು ಮಾಡಬಹುದಾಗಿದ್ದ ಸೇವೆಗೆ ಇಲ್ಲದ ತಂದೆಯನ್ನು ತರಬೇಕಾಗಿರಲಿಲ್ಲ.

ಹಾಗೆಂದು ಆಕೆಯ ಮೇಲೆ ಮುಗಿಬಿದ್ದವರೆಲ್ಲ ಸತ್ಯದ ಪಕ್ಷದವರೆನ್ನಲಾಗದು. ಆಕೆಯನ್ನು ನಂಬಿ ಚುನಾಯಿಸಿದ ಸದಸ್ಯರಿಗೆ ಕೇಳುವ ಅಧಿಕಾರವಿತ್ತು. ವಾರಗಟ್ಟಲೆ ಕೂದಲನ್ನೂ ಚರ್ಮವನ್ನೂ ಹಾಸ್ಯಮಾಡಿ ನಕ್ಕ ಜನಕ್ಕೆ ಏನಿತ್ತು? 2017ರಲ್ಲಿ ‘ಹೈಪೇಷಿಯಾ’ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ರೆಬೆಕಾ ಟುವೆಲ್ ಎಂಬ ಪ್ರಾಧ್ಯಾಪಕಿ, ಲಿಂಗಪರಿವರ್ತನೆಯನ್ನು ಒಪ್ಪುವ ಯುಕ್ತಿಗಳು ಜನಾಂಗಪರಿವರ್ತನೆಗೂ ಸಲ್ಲುತ್ತವೆಂದು ಬರೆದಾಗ, ಲೇಖನವನ್ನೇ ಹಿಂತೆಗೆಯಬೇಕೆಂದು ನೂರಾರು ವಿದ್ವಾಂಸರು ಸಹಿ ಹಾಕಿದರು. ವಾದವು ದುರ್ಬಲವಾಗಿದ್ದರೆ ಪ್ರತಿವಾದದಿಂದ ಖಂಡಿಸುವುದು ವಿದ್ವಜ್ಜನರ ಮಾರ್ಗ.

ಹೇಗೆ ಪ್ರಶ್ನಿಸಬೇಕೆಂಬುದಕ್ಕೆ ಉಪಗೂಹನ ಅಂಗದ ಕಥೆ ಎಲ್ಲರಿಗೂ ತಿಳಿದುದೇ. ತಾಮ್ರಲಿಪ್ತಿಯ ಜಿನೇಂದ್ರಭಕ್ತ ಶ್ರೇಷ್ಠಿಯ ಚೈತ್ಯಾಲಯದ ವೈಡೂರ್ಯವನ್ನು ಕದಿಯಲು ಕಳ್ಳನೊಬ್ಬನು ಕ್ಷುಲ್ಲಕನ ವೇಷದಲ್ಲಿ ಬಂದು ನಂಬಿಕೆ ಗಳಿಸಿದನು. ರಾತ್ರಿ ರತ್ನದೊಡನೆ ಓಡುವಾಗ ಕಾವಲುಗಾರರು ಬೆನ್ನಟ್ಟಲು ಅವನು ಶ್ರೇಷ್ಠಿಯನ್ನೇ ಮರೆಹೊಕ್ಕನು. ವ್ರತಿಯ ವೇಷಕ್ಕೆ ಕಳಂಕ ಬರಬಾರದೆಂದು ಶ್ರೇಷ್ಠಿಯು, ನಾನೇ ತರಹೇಳಿದ್ದೆನೆಂದು ಕಾವಲುಗಾರರನ್ನು ಹಿಂದಿರುಗಿಸಿದನು. ಇಲ್ಲಿಗೆ ಕಥೆಯನ್ನು ನಿಲ್ಲಿಸುವವರು ಹಲವರಿದ್ದಾರೆ. ಲೆಕ್ಕದ ಪುಸ್ತಕವನ್ನು ಮುಚ್ಚಿಡಲು ಉಪಗೂಹನದ ಹೆಸರು ಹೇಳುವ ಆಡಳಿತ ಮಂಡಳಿಗಳೂ ಇಲ್ಲದಿಲ್ಲ. ಆದರೆ ಶ್ರೇಷ್ಠಿಯು ರತ್ನವನ್ನು ಹಿಂದಕ್ಕೆ ಪಡೆದನು, ಆ ಇರುಳೇ ಅವನನ್ನು ಸಾಗಹಾಕಿದನು. ಬಯಲಿನ ಅವಮಾನವನ್ನು ತಪ್ಪಿಸಿದನು, ವೇಷವನ್ನು ಒಪ್ಪಲಿಲ್ಲ.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಬಸದಿಯ ಕಚೇರಿಗೆ ಬಂದು, ತಾವು ಜೈನರೆಂದು ಪತ್ರ ಬರೆದುಕೊಡಿರೆಂದು ಕೇಳುವವರಿರಬಹುದು. ಪತ್ರ ಬರೆಯುವವನಿಗೂ ಕೂಟಲೇಖದ ಭಯವಿರಬೇಕು, ಆದ್ದರಿಂದ ಕೇಳುವುದು ತಪ್ಪಲ್ಲ. ಯಾವ ವಿದ್ಯಾರ್ಥಿವೇತನ, ಯಾರಿಗೆ ಸಲ್ಲಬೇಕಾದುದು ಎಂಬುದನ್ನು ಒಳಗೆ ಕೂರಿಸಿ ಕೇಳಬಹುದು. ಹತ್ತು ಜನರೆದುರು ಅಜ್ಜನ ಊರು, ಅಜ್ಜಿಯ ತವರು, ಮೈಬಣ್ಣಗಳನ್ನು ವಿಚಾರಿಸುವುದು ಬೇರೆ ಕೆಲಸ.

ಹಾಸನದ ಕಡೆಯ ತಂದೆಗೂ ಅಮೆರಿಕದ ಕಪ್ಪು ಜನಾಂಗದ ತಾಯಿಗೂ ಹುಟ್ಟಿದ ಮಗುವೊಂದು ಅಜ್ಜನ ಕೈಹಿಡಿದು ಶ್ರವಣಬೆಳಗೊಳದ ಬಸದಿಗೆ ಬಂದಿತೆನ್ನೋಣ. ಅದರ ದೇಶದ ನಮೂನೆಯಲ್ಲಿ ಅದು ಎರಡು ಮನೆಗಳಿಗೂ ಗುರುತು ಹಾಕಬಲ್ಲದು. ಬಸದಿಯಲ್ಲಿ ನಮೂನೆಯಿಲ್ಲ. ಪುರೋಹಿತರು ಎಲ್ಲರಿಗೂ ಕೊಟ್ಟಂತೆ ಅದಕ್ಕೂ ಗಂಧೋದಕವನ್ನು ಕೊಡುತ್ತಾರೆ. ಪಕ್ಕದಲ್ಲಿ ನಿಂತವರು ಮೊದಲು ಕೇಳುವ ಪ್ರಶ್ನೆ ಯಾವುದೆಂಬುದು ಆ ಮಗುವಿಗೆ ಬಹುಕಾಲ ನೆನಪಿರುತ್ತದೆ.